ಸೌಟಮ್ಮನ ತಟ್ಟೆ

ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಹರೆಯದಿಂದಲೂ ಸೌಟು ಹಿಡಿದವಳಿಗೆ ಸೌಟಮ್ಮ ಎಂಬ ಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ, ಅಷ್ಟು ಜನಕ್ಕೆ ಬಡಿಸುವ ಆ ಹೆಂಗಸು ಕೂತು ಉಂಡದ್ದನ್ನು ಯಾರೂ ಕಂಡಿರಲಿಲ್ಲ. ಉಪ್ಪು ನೋಡಲು ಅಂಗೈ ಮೇಲೆ ಒಂದು ತೊಟ್ಟು ಬೇಳೆಸಾರು, ಬೆಂದಿದೆಯೇ ಎಂದು ಹಿಸುಕಿ ನೋಡಿದ ನಾಲ್ಕು ಅಗುಳು ಅನ್ನ, ತಳ ಕೆರೆಯುವಾಗ ಸಿಕ್ಕ ಒಂದು ಚೂರು ಪಲ್ಯ. ಊಟ ಆಯ್ತೇ ಎಂದು ಕೇಳಿದರೆ ನಂದಾಯ್ತು ಎನ್ನುವಳು. ಸುಳ್ಳೇನಲ್ಲ, ಆಯಿತೆಂದೇ ಅವಳು ನಂಬಿದ್ದಳು. ದಿನವಿಡೀ ಒಗ್ಗರಣೆಯ ಘಾಟು ಕುಡಿದರೆ ಹೊಟ್ಟೆ ತುಂಬಿದಂತೆ ಅನ್ನಿಸುತ್ತದೆ; ಒಲೆ ಮುಂದೆ ನಿಲ್ಲುವವರೆಲ್ಲ ಮೋಸ ಹೋಗುವುದು ಹೀಗೇ. ಹಸಿವು ಎಂಬ ಮಾತನ್ನು ಅವಳ ಬಾಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ ಕೂಡ ಕೇಳಿರಲಿಲ್ಲ.

ಇಂಥವಳಿಗೆ ಹಿಮದ ಬೆಟ್ಟದ ಹುಚ್ಚು. ಅದನ್ನು ಹಿಡಿಸಿದವಳು ತಂಗಿ, ಸಿಟಿ ಬಸ್ಸಿನ ಡ್ರೈವರು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಗೋಡೆಗೆ ಅಂಟಿಸಿದ್ದ ಹಿಮದ ಬೆಟ್ಟದ ಚಿತ್ರ ನೋಡುತ್ತ, ಅಲ್ಲಿಗೆ ಮೊದಲು ಹೋಗುವವರು ಯಾರೆಂದು ಜಗಳಾಡುತ್ತಿದ್ದರು. ಈಗ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಎತ್ತರದ ಚಾರಣಕ್ಕೆ ಗುಂಪು ಕಟ್ಟಿದ್ದರು. ಅಕ್ಕ ಬಂದರೆ ಮಾತ್ರ ತಾನೂ ಹೋಗುವುದು ಎಂದು ತಂಗಿ ಹಟ ಹಿಡಿದಳು. ಮಂಡಿ ಗಟ್ಟಿ ಇರುವಾಗಲೇ ಹೋಗಿ ಬಾ ಎಂದು ಗಂಡನೂ ಹುರಿದುಂಬಿಸಿದ.

ಮಂಡಿಯೇನೋ ಗಟ್ಟಿಯೇ. ಅಕ್ಕಿ ಮೂಟೆ ಹೊತ್ತು ಉಗ್ರಾಣದ ಮೆಟ್ಟಿಲು ಹತ್ತಿದ ಕಾಲುಗಳವು. ಊರಾಚೆಯ ಗುಡ್ಡದಲ್ಲಿ ಅಭ್ಯಾಸಕ್ಕೆಂದು ಹೊರಟ ದಿನ ಎಲ್ಲರಿಗಿಂತ ಮುಂದೆ ಅವಳೇ. ಮೇಲೆ ತಲುಪಿದ್ದೇ ತಡ, ಡಬ್ಬಿ ಬಿಚ್ಚಿ ಎಲ್ಲರಿಗೂ ಮೊಟ್ಟೆ, ಕಡಲೆಬೀಜ, ಬಾಳೆಹಣ್ಣು ಹಂಚಿದಳು. ತನ್ನ ಪಾಲಿಗೆ ಉಳಿದದ್ದು ಖಾಲಿ ಡಬ್ಬಿ. ಇಳಿಯುವಾಗ ಕಣ್ಣು ಕತ್ತಲೆ ಬಂದು ಅರ್ಧ ದಾರಿಯಲ್ಲೇ ಕುಸಿದು ಕೂತಳು.

ಕೆಳಗಿಳಿದು ಒಂದಿಷ್ಟು ಸುಧಾರಿಸಿಕೊಂಡ ಮೇಲೆ ಮೇಷ್ಟ್ರು ಅವಳನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿದರು.

"ನೋಡೀಮ್ಮಾ, ಅಷ್ಟು ಎತ್ತರಕ್ಕೆ ಹೋದ್ರೆ ಹಸಿವೇ ಸತ್ತೋಗುತ್ತೆ. ಬೇಡ ಅನ್ನಿಸಿದ್ರೂ ಉಣ್ಣೋರು ಹತ್ತುತ್ತಾರೆ, ಉಣ್ಣದೋರು ವಾಪಸ್ ಬರ್ತಾರೆ. ನಿಮಗೆ ಇಲ್ಲೇ ಉಣ್ಣೋಕೆ ಬರಲ್ಲ. ಇನ್ನೊಂದು ಸಲ ಗುಡ್ಡ ಹತ್ತಿಸ್ತೀನಿ. ಆಗ್ಲೂ ಹೀಗೇ ಆದ್ರೆ ನಿಮ್ಮನ್ನ ಕರ್ಕೊಂಡು ಹೋಗಲ್ಲ."

ಅಡುಗೆಯವಳಿಗೆ ಉಣ್ಣಲು ಬರುವುದಿಲ್ಲವಂತೆ! ಸೌಟಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ತಾನು ಉಳಿದರೆ ತಂಗಿಯೂ ಉಳಿಯುತ್ತಾಳೆ, ಆ ಹಟಮಾರಿಯ ಬುದ್ಧಿ ತನಗೆ ಗೊತ್ತಿಲ್ಲದ್ದೇ? ಆ ಯೋಚನೆಗೆ ಉರಿ ತಣ್ಣಗಾಗಿ ಹೆದರಿಕೆ ಶುರುವಾಯಿತು.

ಮಾರನೆಯ ಮಧ್ಯಾಹ್ನ ತಂಗಿ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹಾಸ್ಟೆಲಿಗೆ ಬಂದು, ಅಕ್ಕನ ಕೈಯಿಂದ ಸೌಟು ಕಿತ್ತುಕೊಂಡು, ಹುಡುಗಿಯರ ಸಾಲಿನಲ್ಲಿ ಕೂರಿಸಿದಳು. ತಾನೇ ಬಡಿಸಿದಳು. ಸೌಟಮ್ಮ ಎರಡು ಸಲ ಏಳಲು ಹೋದಳು, ಎರಡು ಸಲವೂ ಪಕ್ಕದ ಹುಡುಗಿ ಸೆರಗು ಹಿಡಿದು ಜಗ್ಗಿದಳು. ಬೇರೆ ದಾರಿ ಕಾಣದೆ ಅನ್ನಕ್ಕೆ ಬೇಳೆಸಾರು ಕಲಸಿದಳು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಕೈ ನಿಂತುಹೋಯಿತು. ಅಂಗೈ ಮೇಲಿನ ತೊಟ್ಟಿನಲ್ಲಿ ಹದವಾಗಿದ್ದ ಉಪ್ಪು ತಟ್ಟೆ ತುಂಬ ಉಣ್ಣುವಾಗ ನಾಲಗೆ ಸುಡುತ್ತಿತ್ತು.

"ದಿನಾ ಇದನ್ನೇ ಉಣ್ತಿದ್ರೇನ್ರೇ?" ಎಂದಳು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಸೆರಗು ಜಗ್ಗಿದವಳೇ ಮೆಲ್ಲಗೆ ಹೇಳಿದಳು: "ನೀರು ಬೆರೆಸ್ಕೊಂಡು ಉಣ್ತಿದ್ವಿ, ಸೌಟಮ್ಮ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಹೇಳ್ಲಿಲ್ಲ."

ಸೌಟಮ್ಮ ಅಲ್ಲೇ, ಎಲ್ಲರೆದುರು, ಕಣ್ಣೀರು ಹಾಕಿದಳು. ನಾಚಿಕೆಯೂ ಆಗಿತ್ತು, ಆ ಮಕ್ಕಳ ಮೇಲೆ ಪ್ರೀತಿಯೂ ಉಕ್ಕಿತ್ತು. ಅಂದಿನಿಂದ ಉಪ್ಪು ಇಳಿಯಿತು, ಅವಳ ತಟ್ಟೆ ಸಾಲಿನಲ್ಲಿ ಖಾಯಂ ಆಯಿತು. ಮೊದಮೊದಲು ತನ್ನ ಅಡುಗೆಯ ತಪಾಸಣೆಗೆಂದು ಉಂಡಳು. ಬರಬರುತ್ತ ಊಟವೇ ರುಚಿಸತೊಡಗಿತು. ಬೆಳಿಗ್ಗೆ ಮೊಟ್ಟೆ ಹಾಲು, ಸಂಜೆ ಬೆನ್ನಿಗೆ ಅಕ್ಕಿ ತುಂಬಿದ ಚೀಲ ಕಟ್ಟಿಕೊಂಡು ಮಹಡಿಯ ಮೆಟ್ಟಿಲು. ಕೆನ್ನೆ ತುಂಬಿತು, ಗಂಡ ಗಡಿಯಾರ ನೋಡುವ ಭೂತಗನ್ನಡಿ ತೆಗೆದಿಟ್ಟು ಅವಳ ಮುಖ ನೋಡುವಂತಾಯಿತು. ಎರಡನೆಯ ಸಲ ಗುಡ್ಡ ಹತ್ತಿದಾಗ ಮೊದಲು ತಾನು ತಿಂದು ಆಮೇಲೆ ಹಂಚಿದಳು. ಮೇಷ್ಟ್ರು ಹೊಗಳಲಿಲ್ಲ, ಒಳ್ಳೆಯ ಬೂಟು ಕೊಳ್ಳಿ ಎಂದರು ಅಷ್ಟೇ.

ಹಿಮದ ಬೆಟ್ಟದ ಕೊನೆಯ ಡೇರೆಯಲ್ಲಿ ಮೇಷ್ಟ್ರ ಮಾತು ನಿಜವಾಯಿತು. ತಂಗಿಗೆ ಊಟ ನೋಡಿದರೇ ಓಕರಿಕೆ. ತಟ್ಟೆ ಆಚೆ ತಳ್ಳಿದಳು. ಸೌಟಮ್ಮನಿಗೂ ಬಾಯಿ ಕಟ್ಟಿಗೆಯಂತಾಗಿತ್ತು. ಆದರೂ ಅವಳು ಎದ್ದು ಉಪಚಾರ ಮಾಡಲಿಲ್ಲ. ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವಳನ್ನೇ ದುರುಗುಟ್ಟಿ ನೋಡುತ್ತ, ಒಂದೊಂದೇ ಚಮಚ ಉಂಡಳು. ನೋಡಿ ನೋಡಿ ಸೋತು ತಂಗಿಯೂ ಚಮಚ ಎತ್ತಿಕೊಂಡಳು.

ಮರುದಿನ ಬಿಸಿಲೇರುವ ಹೊತ್ತಿಗೆ ಇಬ್ಬರೂ ಬೆಟ್ಟದ ನೆತ್ತಿ ಮುಟ್ಟಿದರು. ಎಲ್ಲ ಗೋಡೆಯ ಚಿತ್ರದಲ್ಲಿದ್ದ ಹಾಗೇ ಇತ್ತು, ಚಿತ್ರದಲ್ಲಿ ಗಾಳಿಯೊಂದು ಇರಲಿಲ್ಲ ಅಷ್ಟೇ. ತಂಗಿ ಅಕ್ಕನ ಕೈ ಹಿಡಿದು ಅತ್ತುಬಿಟ್ಟಳು.

"ಅಕ್ಕಾ, ಏನನ್ನಿಸ್ತಿದೆ ಹೇಳು."

ಸೌಟಮ್ಮ ಮೂಗು ಒರೆಸಿಕೊಂಡು ಬಂಡೆಯೊಂದರ ಮೇಲೆ ಆರಾಮಾಗಿ ಕೂತಳು.

"ಹಸಿವಾಗ್ತಿದೆ ಕಣೇ," ಎಂದಳು. "ಡಬ್ಬಿ ಬಿಚ್ಚು."