ಅಂಚುಳ್ಳ ಮೀನುಗಳ ಲೆಕ್ಕ

ಆಗಸ್ಟ್ ಹದಿನೇಳು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ಹಿತ್ತಲ ತೊಟ್ಟಿಯಲ್ಲಿ ಗಂಡು ಐದು, ಹೆಣ್ಣು ಹದಿನೆಂಟು. ಮರಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ; ಎಣಿಸಿ ಮುಗಿಸುವಷ್ಟು ಹೊತ್ತು ಅವು ಒಂದೆಡೆ ನಿಲ್ಲುವುದಿಲ್ಲ.

ಸೊಳ್ಳೆಯ ಹುಳು ತಿನ್ನಲೆಂದು ಸೇಲಂನ ನಮ್ಮ ಬೀದಿಯವರು ನೀರಿನ ತೊಟ್ಟಿಗೆ ಬಿಡುವ ಗಪ್ಪಿ ಮೀನುಗಳಿವು. ಹೆಣ್ಣಿನದು ಬೂದಿ ಮೈ. ಗಂಡಿನ ಬಾಲದಲ್ಲಿ ಕೆಂಪು, ನೀಲಿ, ಕಿತ್ತಳೆ. ನಮ್ಮದು ಕೈಮಗ್ಗದ ಮನೆಯಾದ್ದರಿಂದ ಆ ಬಣ್ಣವನ್ನು ಅಜ್ಜಿ ಅಂಚು ಎನ್ನುತ್ತಾಳೆ. ಅವಳ ಕಣ್ಣಿಗೆ ಜಗತ್ತಿನಲ್ಲಿರುವುದು ಎರಡೇ ಬಗೆ: ಅಂಚು ಒಪ್ಪವಾಗಿರುವುದು, ಇಲ್ಲದಿರುವುದು. ಎಲ್ಲವನ್ನೂ ಎಣಿಸಿ ಬರೆದಿಡುವ ನನ್ನನ್ನು ಅವಳು ಕಣಕ್ಕುಪಿಳ್ಳೆ ಎನ್ನುತ್ತಾಳೆ, ಅಂದರೆ ಲೆಕ್ಕದ ಗುಮಾಸ್ತ. ಅದು ಹೊಗಳಿಕೆಯಲ್ಲ.

ಜೂನ್ ಒಂದರಂದು ನನ್ನ ಪುಸ್ತಕದಲ್ಲಿ ಗಂಡು ಹದಿನಾಲ್ಕಿತ್ತು. ಇಪ್ಪತ್ತೆರಡಕ್ಕೆ ಹನ್ನೊಂದು, ಜುಲೈ ಇಪ್ಪತ್ತಕ್ಕೆ ಎಂಟು, ಇಂದು ಐದು. ಇಳಿಯುತ್ತಿದ್ದ ಈ ಸಂಖ್ಯೆಗಳನ್ನು ನೋಡಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ನನಗೆ ಒಳಗೊಳಗೇ ಒಂದು ಹೆಮ್ಮೆಯ ಭಯ ಹುಟ್ಟಿತು. ನೂಲು ತೊಳೆಯುವ ಸೋಪಿನ ಬಕೆಟ್ಟನ್ನು ನಾವು ಆ ತೊಟ್ಟಿಯಲ್ಲೇ ಅದ್ದಿ ನೀರು ಮೊಗೆಯುತ್ತೇವೆ. ಕೆಲವು ಬಗೆಯ ಸೋಪಿನ ಪುಡಿ ನೀರಿನಲ್ಲಿ ಒಡೆದಾಗ ಉಳಿಯುವ ಪದಾರ್ಥ ಹೆಣ್ಣು ಹಾರ್ಮೋನಿನ ವೇಷ ಧರಿಸುತ್ತದೆಂದು ಪಾಠದಲ್ಲಿ ಓದಿದ್ದೆ. ನಮಗಾದರೆ ಬೇಡದ ನೀರನ್ನು ಬಿಟ್ಟೇಳುವ ಸ್ವಾತಂತ್ರ್ಯವಿದೆ. ಮೀನು ಅದರಲ್ಲೇ ಉಸಿರಾಡಬೇಕು. ಕರಗಿದ ವಿಷ ಕಿವಿರಿನಿಂದ ರಕ್ತಕ್ಕಿಳಿಯುತ್ತದೆ. ಯಕೃತ್ತು ಅದನ್ನು ಹಿಡಿದು, ರೂಪ ಬದಲಿಸಿ, ಪಿತ್ತದೊಡನೆ ಹೊರಗೆ ಸಾಗಿಸುತ್ತದೆ. ಆದರೆ ವೇಷಧಾರಿ ಬಂದಾಗ ಆ ನಂಬಿಗಸ್ತ ಯಕೃತ್ತೇ ಮೋಸಹೋಗಿ, ಗಂಡು ಮೀನಿನೊಳಗೆ ಕುಳಿತು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಿಸತೊಡಗುತ್ತದಂತೆ. ಮೊಟ್ಟೆಯೇ ಇಲ್ಲದವನ ಮೈಯಲ್ಲಿ ಹಳದಿಯ ಉಗ್ರಾಣ! ಜೊತೆಗೆ ಬಾಲದ ಬಣ್ಣವೂ ಮಾಸಬಹುದು.

ಇಷ್ಟೇ ಆಗಿದ್ದರೆ ಇದು ನನ್ನ ಮತ್ತು ಮೀನುಗಳ ಖಾಸಗಿ ವಿಷಯವಾಗಿರುತ್ತಿತ್ತು. ಆದರೆ ಕಂಬೈನಲ್ಲೂರಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ ಈಗ ಐದು ತಿಂಗಳ ಬಸುರಿ. ನಲ್ಲಿಯ ನೀರಿಗೆ ಔಷಧದ ವಾಸನೆಯೆಂದು ಅಜ್ಜಿ ಅವಳಿಗೆ ತೊಟ್ಟಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಸುತ್ತಿದ್ದಳು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಸೋಪು ಸಾಯುವುದಿಲ್ಲ.

ಆದ್ದರಿಂದ ಈ ಬೆಳಿಗ್ಗೆ ಪುಸ್ತಕ ಹಿಡಿದು ಅಜ್ಜಿಯ ಮುಂದೆ ನಿಂತು, ನಮ್ಮ ಗಂಡು ಮೀನುಗಳು ಹೆಣ್ಣಾಗುತ್ತಿವೆ, ಈ ನೀರು ಅತ್ತಿಗೆಗೆ ಬೇಡ ಎಂದು ಸಾರಿದೆ. ಅಜ್ಜಿ ರಾಟೆ ನಿಲ್ಲಿಸಲಿಲ್ಲ.

“ಎಣ್ಣು ಎಷ್ಟಿತ್ಲಾ ಆಗ?”

“ಹದಿನೆಂಟು.”

“ಈಗ?”

“ಹದಿನೆಂಟು.”

“ಗಂಡೆಲ್ಲಾ ಎಣ್ಣಾಗಿದ್ರೆ ಎಣ್ಣು ಜಾಸ್ತಿ ಆಗ್ಬೇಕಲ್ಲಾ, ಕಣಕ್ಕುಪಿಳ್ಳೆ? ಎಳೆ ಕಮ್ಮಿ ಆಯ್ತು ಅಂದ್ರೆ ಯಾರೋ ಕಿತ್ತವ್ರೆ ಅಂತ ಅರ್ಥ.”

ಹನ್ನೊಂದು ವಾರ ಎರಡು ಕಾಲಂ ಬರೆದವನು ಒಮ್ಮೆಯೂ ಅವೆರಡನ್ನು ಕೂಡಿಸಿ ನೋಡಿರಲಿಲ್ಲ. ಕಿತ್ತವರು ಯಾರೆಂದು ಕೇಳಿದೆ. “ನಾನೇ!” ಎಂದಳು. ಬೀದಿಯಲ್ಲಿ ಯಾರಾದರೂ ಹೊಸ ತೊಟ್ಟಿ ಕಟ್ಟಿಸಿದರೆ ಅಜ್ಜಿ ಚೊಂಬಿನಲ್ಲಿ ಮೂರು ಮೀನು ಒಯ್ದು, ತೊಟ್ಟಿಗೆ ಅರಿಶಿನ ಕುಂಕುಮವಿಟ್ಟು ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. ಈ ಬೇಸಿಗೆಯ ನಂತರ ಮೂರು ಮನೆಗೆ ಒಯ್ದಿದ್ದಳು. ಮೂರ್ಮೂರಲ ಒಂಬತ್ತು. ನನ್ನ ವಿಜ್ಞಾನ ಅಲ್ಲಿಗೆ ಚೊಂಬಿನಲ್ಲಿ ಮುಳುಗಿತು.

“ನಮ್ ತಣ್ಣೀಗೆ, ಈ ತೊಟ್ಟಿ ನೀರಿಗೆ, ಏನೂ ಆಗಿಲ್ಲ, ಓಗು. ಇಲ್ಲಿ ಮರಿ ಆಗ್ತೈತೆ. ಆ ಮೂರು ಮನೇಲೂ ಒಂದು ಮರೀನೂ ಇಲ್ವಂತೆ. ಅವರ ನೀರೇ ಸರಿ ಇಲ್ಲ.”

“ಯಾವ ಮೀನು ಕೊಟ್ಟೆ ಅಜ್ಜಿ?”

“ಅಂಚು ಚೆನ್ನಾಗಿರೋದೇ ಕೊಟ್ಟೆ. ಬೋಳು ಮೀನು ಕೊಡಾಕಾಯ್ತದಾ, ಮರ್ಯಾದೆ ಬ್ಯಾಡ್ವಾ?”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನಗು ತಡೆಯಲಾರದೆ ಚೌಕಟ್ಟು ಹಿಡಿದುಕೊಂಡಳು. “ಅಯ್ಯಯ್ಯೋ ಅಜ್ಜಿ, ಒಂಬತ್ತೂ ಗಂಡೇ! ಮರಿ ಎಲ್ಲಿಂದ ಬರ್ತೈತೆ?”

ರಾಟೆ ನಿಂತಿತು. ನೀರು ಕೆಟ್ಟಿದೆಯೆಂಬ ನನ್ನ ಸಾಕ್ಷಿಯೂ ಒಳ್ಳೆಯದೆಂಬ ಅಜ್ಜಿಯ ಸಾಕ್ಷಿಯೂ ಒಂದೇ ಚೊಂಬಿನಲ್ಲಿ ಹೋಗಿಬಿಟ್ಟಿದ್ದವು. ಉಳಿದದ್ದು ಸೋಪಿನ ಬಕೆಟ್ಟು ಮಾತ್ರ. ಸೋತವನ ವಿನಯದಿಂದ ನಾನು ಅದನ್ನೇ ಹಿಡಿದು, ಕಿವಿರು, ಯಕೃತ್ತು, ಪಿತ್ತಗಳ ಕಥೆ ಹೇಳಿದೆ. ಮೀನು ಬದುಕಿದೆ ಎಂದರೆ ನೀರು ಶುದ್ಧವೆಂದಲ್ಲ, ಅದು ಒಳಗೊಳಗೇ ತೊಳೆಯುತ್ತಾ ಬದುಕಿರಬಹುದು ಎಂದೆ.

ಅಜ್ಜಿ ಬೆರಳಿನ ನೂಲನ್ನು ತಿರುವಿ ನೋಡಿದಳು. ಎಷ್ಟು ಜಾಲಿಸಿದರೂ ಬಣ್ಣ ಬಿಡದ ನೂಲನ್ನು ಅವಳು ಅರವತ್ತು ವರ್ಷ ಕಂಡವಳು.

“ಒಟ್ಟೇಲಿರೋ ಕೂಸು ಬಿಳೀ ನೂಲು,” ಎಂದಳು. “ಏನು ತಗುಲಿದ್ರೂ ಇಡ್ಕೊಳ್ತದೆ. ಲೇ, ನಲ್ಲಿ ನೀರು ಇಡಿದು ಕಾಯ್ಸು ಇವಳಿಗೆ. ವಾಸನೆ ಬಂದ್ರೆ ಜೀರಿಗೆ ಆಕು.”

ಎಂಟು ಗಂಟೆಗೆ ಸೋಪಿನ ಬಕೆಟ್ಟು ತೊಟ್ಟಿಯಿಂದ ಹತ್ತು ಹೆಜ್ಜೆ ದೂರ ಹೋಯಿತು. ಮೊಗೆಯಲು ಬೇರೆ ಚೊಂಬು ಬಂದಿತು. ಎಂಟೂಕಾಲಿಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ತೊಟ್ಟಿಗೆ ಬಗ್ಗಿ, ಅಂಚಿಲ್ಲದ, ಹೊಟ್ಟೆ ದಪ್ಪಗಿದ್ದ ಬೂದಿ ಮೀನುಗಳನ್ನೇ ಆರಿಸಿ ಆರಿಸಿ ಹಿಡಿದಳು, ಆ ಮೂರು ಮನೆಗಳಿಗೆ ಮನೆಗೆರಡರಂತೆ. ಅತ್ತಿಗೆ ಪಕ್ಕದಲ್ಲೇ ನಿಂತು, “ಮೆಲ್ಲಗೆ ಇಡಿ ಅಜ್ಜಿ, ಬಸುರಿಯರು!” ಎನ್ನುತ್ತಿದ್ದಳು.

ಈಗ ಒಂಬತ್ತು ಗಂಟೆ. ಗಂಡು ಐದು, ಹೆಣ್ಣು ಹನ್ನೆರಡು. ‘ಅಜ್ಜಿ ಒಯ್ದದ್ದು’ ಎಂಬ ಮೂರನೆಯ ಕಾಲಂ ಎಳೆದು, ಅದರಲ್ಲಿ ಹದಿನೈದು ಎಂದು ಬರೆದು, ಈ ಸಲ ಕೂಡಿಸಿಯೂ ನೋಡಿದೆ. ಜೂನ್ ಒಂದರಂತೆಯೇ ಮೂವತ್ತೆರಡು, ಸರಿಯಿದೆ. ಸರಿಯಿಲ್ಲದಿರುವುದು ನನ್ನ ತಿಳಿವಳಿಕೆ ಮಾತ್ರ: ನೂಲಿನ ಸೋಪು ಎಷ್ಟಾದರೆ ಗಪ್ಪಿಯ ಅಂಚು ಮಾಸುತ್ತದೆ, ನೀರು ತಿಳಿಯಾದ ಮೇಲೆ ಮರಳಿ ಮೂಡುತ್ತದೆಯೇ? ಬಲ್ಲವರು ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಅಜ್ಜಿಗೆ ಓದಿ ಹೇಳಬೇಕಾಗಿದೆ. ಅವಳೂ ಇನ್ನು ಮೇಲೆ ದಿನಾ ಬೆಳಿಗ್ಗೆ ನನಗಿಂತ ಮೊದಲು ತೊಟ್ಟಿಯ ಬಳಿ ಇರುತ್ತೇನೆಂದು ಹೇಳಿದ್ದಾಳೆ.