ಕಳಿ ತಗಿ ಅಂದವಳು ನಾನೇ

ಸುನಂದಾ, ಆ ಮೊಗ್ಗುಗಳನ್ನು ಕೀಳಲು ಹೇಳಿದವಳು ನಾನೇ. ಹೇಳಿಲ್ಲ ಎಂದು ಅತ್ತೆಯವರ ಮುಂದೆ ಸುಳ್ಳಾಡಿದವಳೂ ನಾನೇ. ಇಪ್ಪತ್ತೆರಡು ವರ್ಷವಾಯಿತು. ಅತ್ತೆಯವರೂ ಇಲ್ಲ, ಆ ಗಿಡವೂ ಇಲ್ಲ. ನೀನು ಮಾತ್ರ ಇದ್ದೀಯ—ಅದೇ ಅಡುಗೆಮನೆಯಲ್ಲಿ, ನನ್ನ ಮಗ್ಗುಲಲ್ಲೇ ರೊಟ್ಟಿ ಬಡಿಯುತ್ತ.

ಅದು ಅನಂತದ ಗಿಡ. ನಿಲಂಗಾದಲ್ಲಿ ಯಾರದೋ ಅಂಗಳದಲ್ಲಿ ಆ ಬಿಳಿ ಹೂವಿನ ಘಮಕ್ಕೆ ಸೋತು ಬಂದ ಅತ್ತೆಯವರು ನಮ್ಮ ಮನೆಗೂ ಅದು ಬೇಕೆಂದು ಹಟ ಹಿಡಿದಿದ್ದರು. ಉದಗೀರದಿಂದ ತಂದ ಎರಡು ಸಸಿಗಳು ನಮ್ಮ ಗಡಿಯೂರಿನ ಕರಿಮಣ್ಣಿನಲ್ಲಿ ಹಳದಿಗಟ್ಟಿ ಸತ್ತವು. ಮೂರನೆಯದಕ್ಕೆ ಬೀದರ ಕಡೆಯ ಕೆಂಪು ಮಣ್ಣನ್ನು ಔರಾದ ಶಹಾಜನಿಯ ಸಂತೆಗೆ ಬರುವ ಟೆಂಪೋದಲ್ಲಿ ತರಿಸಿ, ಗುಂಡಿ ತುಂಬಿಸಿ ನೆಟ್ಟರು. ಅದು ಸಾಯಲಿಲ್ಲ, ಆದರೆ ಎರಡು ವರ್ಷ ಬರೀ ಎಲೆ ಬಿಟ್ಟುಕೊಂಡು ನಿಂತಿತ್ತು. ಆಮೇಲೆ ನೀನು ಬಂದೆ—ನನ್ನ ಮೈದುನನ ಹೆಂಡತಿಯಾಗಿ, ಲಾತೂರಿನ ಆಚೆಯ ಮರಾಠಿ ಮನೆಯಿಂದ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಹಾಕಿದೆ. ಆಷಾಢದ ಹೊತ್ತಿಗೆ ಗಿಡದ ತುಂಬ ಮೊಗ್ಗು!

"ನಮ್ಮ ಸುನಂದಾನ ಕೈಗುಣ ಭಾಳ ಚಲೋ ಅದ ನೋಡ್ರಿ," ಎಂದು ಅತ್ತೆಯವರು ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆಗಲೇ ಒಂಬತ್ತು ವರ್ಷ ಈ ಮನೆಯಲ್ಲಿ ಕೈ ಸವೆಸಿದ್ದವಳು ನಾನು. ನನ್ನ ಕೈಗೂ ಒಂದು ಗುಣವಿದೆ ಎಂದು ಒಮ್ಮೆಯಾದರೂ… ಹೊಟ್ಟೆ ಉರಿಯಿತು, ಸುನಂದಾ. ಸುತ್ತಿಬಳಸಿ ಹೇಳಿ ಏನಾಗಬೇಕಿದೆ? ಹೊಟ್ಟೆ ಉರಿಯಿತು.

ಶ್ರಾವಣದ ಮೊದಲ ಸೋಮವಾರದ ಲಿಂಗಪೂಜೆಗೆ ಅವೇ ಹೂವು ಎಂದು ಅತ್ತೆಯವರು ದಿನ ಎಣಿಸುತ್ತಿದ್ದರು. ಅದಕ್ಕೆ ನಾಲ್ಕೈದು ದಿನ ಮೊದಲು ಅವರು ಯಾವುದೋ ಕೆಲಸಕ್ಕೆ ಊರಾಚೆ ಹೋಗಿದ್ದರು. ಮಳೆ ಹೊಳವಾಗಿತ್ತು, ಗಿಡದ ಬುಡದಲ್ಲಿ ಹುಲ್ಲು ಎದ್ದಿತ್ತು. ನಾನು ಒಲೆಯ ಮುಂದಿನಿಂದಲೇ ಕೂಗಿದೆ: "ಸುನಂದಾ, ಆ ಅನಂತಂದು ಕಳಿ ತಗದ ಬಿಡವಾ."

ನಮ್ಮ ಮಾತಿನಲ್ಲಿ ಕಳೆಗೆ ಕಳಿ ಅನ್ನುತ್ತೇವೆ. ನಿನ್ನ ಮರಾಠಿಯಲ್ಲಿ ಕಳಿ ಅಂದರೆ ಮೊಗ್ಗು. ನೀನು ಆಗಿನ್ನೂ ನನ್ನ ಹತ್ತಿರ ಒಂದೊಂದೇ ಮಾತು ಕಲಿಯುತ್ತಿದ್ದೆ—ಉಪ್ಪು, ನೀರು, ಬಾಗಿಲು, ಕಸಬರಿಗೆ. ಈ ಮಾತು ಇನ್ನೂ ಬಂದಿರಲಿಲ್ಲ. ಮೊಗ್ರಾ ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಬಿಡಿಸಿ ಮಾಲೆ ಕಟ್ಟುವ ಮನೆಯಿಂದ ಬಂದವಳು ನೀನು. ಅತ್ತೆಯವರ ಪೂಜೆಗೆ ಇದನ್ನೂ ಹಾಗೇ ಕಟ್ಟುತ್ತಾರೆ ಎಂದುಕೊಂಡೆ. ಎಲ್ಲವನ್ನೂ ಬಿಡಿಸಿ, ತಾಟಿನಲ್ಲಿ ಒದ್ದೆ ಬಟ್ಟೆ ಹಾಸಿ, ಸಾಲಾಗಿ ಜೋಡಿಸಿಟ್ಟೆ. ಹಸಿರು ಮೊಗ್ಗುಗಳು. ಮಲ್ಲಿಗೆಯಂತೆ ಅವು ಕಿತ್ತ ಮೇಲೆ ಅರಳುವುದಿಲ್ಲ.

ಸಂಜೆ ಬಂದ ಅತ್ತೆಯವರು ತಾಟು ನೋಡಿ, ಇವನ್ನು ಯಾರು ಕಿತ್ತದ್ದು ಎಂದು ಕೇಳಿದರು. ನನ್ನನ್ನು ಅಕ್ಕಾ ಎನ್ನಲು ತಾಈ ಅನ್ನುತ್ತಿದ್ದ ನೀನು ನನ್ನ ಕಡೆ ತಿರುಗಿದೆ. "ತಾಈ, ನೀವೇ ಹೇಳಿದ್ರಿ ನಾ?"

"ನಾ ಯಾವಾಗ ಹೇಳ್ದೆ? ನಾ ಏನೂ ಹೇಳಿಲ್ಲ."

ಅಷ್ಟೇ ಮಾತು. ಹೇಗೆ ಅಷ್ಟು ಸಲೀಸಾಗಿ ಬಂತೋ! ಅತ್ತೆಯವರು ನಿನ್ನ ಕೈ ಹಿಡಿದೆತ್ತಿ ಹೇಳಿದರು: "ಮೊಗ್ಗ ಮುರಿಯೋ ಕೈ ಇದು. ಇನ್ಮ್ಯಾಲ ಯಾವ ಗಿಡಕ್ಕೂ ಹಚ್ಚಬ್ಯಾಡ." ನೀನು ಹಚ್ಚಲಿಲ್ಲ. ತುಳಸಿಗೆ ನೀರು ಹಾಕುವುದನ್ನೂ ಬಿಟ್ಟೆ. ಇನ್ನೊಂದನ್ನೂ ಬಿಟ್ಟೆ—ಕನ್ನಡವನ್ನು. ಆ ಮರುದಿನದಿಂದ ನೀನು ನಮ್ಮೊಡನೆ ಮಾತಾಡಿದ್ದೆಲ್ಲ ಮರಾಠಿಯೇ. ಕನ್ನಡ ಅವಳಿಗೆ ಹತ್ತಲಿಲ್ಲ ಎಂದರು ಮನೆಯವರು. ನಾನೂ ಹೂಂ ಅಂದೆ.

ಅರ್ಥ ತಪ್ಪಿದ ಮಾತು, ಹೆದರಿ ಆಡಿದ ಸುಳ್ಳು—ಇಷ್ಟೇ ಆಗಿದ್ದರೆ ನಾನು ಹೇಗೋ ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅಡುಗೆಮನೆಯ ಕಿಟಕಿ ಇತ್ತಲ್ಲ… ನೀನು ಮೊದಲ ಮೊಗ್ಗು ಕಿತ್ತದ್ದನ್ನು ನಾನು ನೋಡಿದೆ. ನೀನು ತಲೆಯೆತ್ತಿ, ಅದನ್ನು ಬೆರಳಲ್ಲಿ ಹಿಡಿದು ತೋರಿಸಿ, ಇದೇನಾ ಎಂಬಂತೆ ಹುಬ್ಬೇರಿಸಿದೆ. ನನಗೆ ಆ ಕ್ಷಣಕ್ಕೇ ಎಲ್ಲ ಅರ್ಥವಾಯಿತು. ಬೇಡ ಅನ್ನಬಹುದಿತ್ತು. ಒಂದೇ ಮೊಗ್ಗು ಹೋಗಿತ್ತು, ಉಳಿದವೆಲ್ಲ ಗಿಡದಲ್ಲೇ ಇದ್ದವು. ನಾನು ಹೌದೆಂದು ತಲೆಯಾಡಿಸಿದೆ.

ಇದು ನಿನಗೆ ಗೊತ್ತು. ನನ್ನ ತಲೆ ಆಡಿದ್ದು ನೀನು ನೋಡಿದ್ದೆ, ನೋಡಿ ನಕ್ಕು ಉಳಿದವನ್ನು ಬಿಡಿಸಿದ್ದೆ. ಆದರೂ ಅತ್ತೆಯವರಿಗಾಗಲಿ ನಿನ್ನ ಗಂಡನಿಗಾಗಲಿ ಆ ಮಾತು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ನಂಬುವುದಿಲ್ಲವೆಂದೋ, ಅಥವಾ ನಾನೇ ಹೇಳಲಿ ಎಂದೋ—ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಮೊನ್ನೆ ನಿನ್ನ ಮಗಳು ಗೌರಿ ಉದಗೀರದ ನರ್ಸರಿಯಿಂದ ಒಂದು ಸಸಿ ತಂದಳಲ್ಲ, ಅನಂತದ್ದೇ. ಅವಳಿಗೆ ಹಳೆಯದೇನೂ ಗೊತ್ತಿಲ್ಲ. ನಿನ್ನ ಕೈಗೆ ಕೊಡಬಂದಾಗ ನೀನು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ನಕೋ ಬಾಳಾ, ಮಾಝ್ಯಾ ಹಾತಾಲಾ ಗುಣ ನಾಹೀ," ಅಂದೆ. ಬೇಡ ಮಗಾ, ನನ್ನ ಕೈಗೆ ಗುಣವಿಲ್ಲ ಎಂದು. ಬೇಸರದಿಂದಲ್ಲ—ಸಕ್ಕರೆ ಮುಗಿದಿದೆ ಎಂದು ಹೇಳುವಷ್ಟು ಸಹಜವಾಗಿ. ಗೌರಿ ಅಷ್ಟೇ ಸಹಜವಾಗಿ ಸಸಿಯನ್ನು ನನ್ನ ಕಡೆ ಚಾಚಿ, "ಹಾಗಾದ್ರ ದೊಡ್ಡವ್ವಾ, ನೀವಾ ಹಚ್ರಿ," ಎಂದು ಮರಾಠಿ ಬೆರೆತ ತನ್ನ ಹರಕು ಕನ್ನಡದಲ್ಲಿ ಅಂದಳು. ನಾನು ಇಸಿದುಕೊಳ್ಳಲಾರದೆ ಒಲೆಯ ಮೇಲೆ ಏನೋ ಸೀದಿತು ಎಂದು ಒಳಗೆ ಓಡಿದೆ. ಸಸಿ ಪ್ಲಾಸ್ಟಿಕ್ ಚೀಲದಲ್ಲೇ ಕಟ್ಟೆಯ ಮೇಲೆ ಕೂತಿದೆ.

ಇದನ್ನೆಲ್ಲ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದಲು ಬಾರದ ಅಕ್ಷರದಲ್ಲಿ. ಇದೂ ಒಂದು ಕಳ್ಳತನವೇ. ಬರೆದಿಟ್ಟೆನೆಂದು ಹಗುರಾಗುವ ಹಕ್ಕು ನನಗಿಲ್ಲ.

ನಾಳೆ ಐತವಾರ, ಎಲ್ಲರೂ ಮನೆಯಲ್ಲಿರುತ್ತಾರೆ. ಊಟಕ್ಕೆ ಕೂತಾಗ ಗಂಡಸರ ಮುಂದೆ, ಗೌರಿಯ ಮುಂದೆ, ನಿನ್ನ ಮಾತಿನಲ್ಲೇ ಹೇಳುತ್ತೇನೆ—ಕಿಟಕಿಯನ್ನೂ ಬಿಡದೆ. ನೀನು ಕ್ಷಮಿಸಬೇಕಿಲ್ಲ; ಎದ್ದು ಹೋದರೂ ಹೋಗು. ತನ್ನ ತಾಯಿಯ ಕೈ ಎಂಥದ್ದೆಂದು ಗೌರಿಗೆ ಗೊತ್ತಾಗಬೇಕು.