ಮಾವನ ಅಂಗಳದ ತೇಗ

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು, ತಲೆಗೆ ಎಣ್ಣೆ ತಟ್ಟಿ, ಹಂಡೆ ನೀರು ಸುರಿದು, ಹೊಸ ಬಟ್ಟೆ ಕೊಡುವುದು ನಮ್ಮ ಕಡೆಯ ಪದ್ಧತಿ. ಓಡಿಹೋಗಿ ಮದುವೆಯಾದ ಅಳಿಯನಿಗೆ ಯಾರೂ ಹಂಡೆ ಕಾಯಿಸುವುದಿಲ್ಲ. ಆ ಹಬ್ಬದ ದಿನ ಸಿದ್ದಾಪುರದ ಬಾಡಿಗೆ ಕೋಣೆಯಲ್ಲಿ ನನ್ನ ಹೆಂಡತಿಯೇ ನನಗೆ ಎಣ್ಣೆ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಅವಳ ಕೈ ನಿಂತಿತು. ತವರು ನಂದೊಳ್ಳಿಯಲ್ಲಿರುವ ಅಮ್ಮ ನೆನಪಾಗಿದ್ದಳು. ನಗಿಸೋಣವೆಂದು ನಾನು ಸೋಪಿನ ನೊರೆಯಿಂದ ಮಾವನಂಥ ಮೀಸೆ ಮಾಡಿಕೊಂಡೆ. ಅವಳು ಜೋರಾಗಿ ಅತ್ತಳು. ನನ್ನ ಹಾಸ್ಯದ ಯೋಗ್ಯತೆ ಅಷ್ಟು.

ಮರುವರ್ಷ ಮಾವನೇ ಫೋನು ಮಾಡಿದರು. "ಹಬ್ಬಕ್ಕೆ ಇಬ್ರೂ ಬರ್ರಿ." ಅಷ್ಟೇ. ಅವಳು ಆ ಮೂರು ಮಾತನ್ನು ವಾರವಿಡೀ ನನಗೆ ಹೇಳಿ ತೋರಿಸಿದಳು.

ಭಯವಿದ್ದದ್ದು ನನ್ನ ಹಳೆಯ ಕಥೆಯದ್ದು. ಮದುವೆಗೆ ಮುಂಚೆ ನಾನು ಯಲ್ಲಾಪುರದ ಕಾಡಿನಿಂದ ಕಳ್ಳನಾಟಾ, ಅಂದರೆ ಕದ್ದು ಕಡಿದ ಮರ, ಸಾಗಿಸುವವರ ಜೊತೆಗಿದ್ದೆ. ಫಾರೆಸ್ಟ್ ಗಾರ್ಡ್ ಬಂದರೆ ಗೂಬೆಯ ಹಾಗೆ ಕೂಗಿ ಎಚ್ಚರಿಸುವುದು ನನ್ನ ಕೆಲಸ. ಒಂದು ಸಲ ಕೂಗಿದ್ದಕ್ಕೆ ಬೆನ್ನ ಹಿಂದೆಯೇ ಗಾರ್ಡ್ ಕೇಳಿದ್ದ: "ಎಂತಾ ತಮಾ, ಗೂಬೆಗೆ ನೆಗಡಿಯಾ?" ಉಳಿದವರು ಓಡಿದರು, ಗೂಬೆ ಜೈಲಿಗೆ ಹೋಯಿತು. ಇದೆಲ್ಲ ಹೆಂಡತಿಗೆ ಗೊತ್ತಿತ್ತು. ಅವಳ ಮನೆಯವರಿಗೆ ಮಾತ್ರ, ಆಗ ನಾನು ಗೋವಾದ ಹೋಟೆಲಿನಲ್ಲಿದ್ದೆ ಎಂದು ಹೇಳಿದ್ದೆವು.

ಸಿರ್ಸಿಯಲ್ಲಿ ಬಸ್ಸು ಬದಲಿಸುವಾಗ ಅವಳು ನನ್ನ ತೋಳು ಹಿಡಿದಳು. "ಮಾರಾಯಾ, ಅಲ್ಲಿ ಬಾಯಿ ಬಿಡ್ಬೇಡ. ಕೇಳಿದ್ದಕ್ಕೆ ಹೌದು ಅನ್ನು, ಸಾಕು. ಒಂದೇ ಒಂದು ರಾತ್ರಿ ಅಮ್ಮನ ಮಗ್ಗುಲಲ್ಲಿ ಮಲಗ್ತೇನೆ."

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮನೆ ತಲುಪಿದೆವು. ಅತ್ತೆ ಹಂಡೆಗೆ ಬಳ್ಳಿ ಸುತ್ತಿ ನೀರು ತುಂಬಿದ್ದರು. ಮಾವ ನನ್ನನ್ನು ಅಂಗಳಕ್ಕೆ ಕರೆದು, ತಾಡಪತ್ರಿ ಸರಿಸಿ, ಮರದ ದೊಡ್ಡ ತುಂಡೊಂದನ್ನು ತೋರಿಸಿದರು.

"ಹೊಸ ಮನೆ ಬಾಗಿಲವಾಡಕ್ಕೆ ತಂದಿಟ್ಟದ್ದು. ಹ್ಯಾಂಗದೆ ಅಳಿಯಂದ್ರೆ?"

ಹೌದು ಅನ್ನುವುದಕ್ಕೆ ಹೇಳಿಕೊಟ್ಟಿದ್ದಳಲ್ಲ, ಅಷ್ಟು ಅಂದಿದ್ದರೆ ನಾನು ಇವತ್ತು ಮನುಷ್ಯ. ಆದರೆ ಕೈ ತಾನಾಗಿಯೇ ಹೋಗಿ ತುಂಡನ್ನು ಗೆಣ್ಣಿನಿಂದ ಕುಟ್ಟಿತು. ಮೂಗು ವಾಸನೆ ನೋಡಿತು. ಬಾಯಿ ಯಾಕೆ ಸುಮ್ಮನಿರಬೇಕು?

"ಒಳ್ಳೆ ತೇಗ ಮಾವ. ಆದ್ರೆ ತುದೀಲಿ ಫಾರೆಸ್ಟ್ ಡಿಪೋದ ಸುತ್ತಿಗೆ ಮುದ್ರೆನೇ ಇಲ್ವಲ್ಲ! ಇದು ಕಳ್ಳಮಾಲು. ಕೊಯ್ದವ್ರಿಗೂ ಕೆಲ್ಸ ಗೊತ್ತಿಲ್ಲ. ನಾವಾಗಿದ್ರೆ ಇಷ್ಟು ಅಡ್ಡಾದಿಡ್ಡಿ ಕೊಯ್ತಿರ್ಲಿಲ್ಲ."

ಮಾವ ತಾಡಪತ್ರಿಯನ್ನು ಮೆಲ್ಲಗೆ ಮೊದಲಿನ ಹಾಗೆ ಮುಚ್ಚಿದರು.

"ನೀವು ಗೋವಾದಾಗೆ ಹೋಟ್ಲಲ್ಲಿ ಇದ್ರಿ ಅಲ್ದಾ?"

"ಹೌದು ಮಾವ. ಅಲ್ಲಿ... ಸೌದೆ ಒಲೆ ಇತ್ತು."

ಅವರು ನಗಲಿಲ್ಲ. ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಪೊಲೀಸರ ಮುಂದೆಯೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೊನೆಗೆ ಅವರು, ಅಂಗಳಕ್ಕೆ ಬಂದು ನಿಂತಿದ್ದ ಮಗಳತ್ತ ತಿರುಗಿದರು. "ನಿಂಗೆ ಗೊತ್ತಿತ್ತನೇ ತಂಗೀ?"

"ಗೊತ್ತಿತ್ತು ಅಪ್ಪ. ಮದುವೆಗೆ ಮೊದ್ಲೇ ಹೇಳಿದ್ದ."

"ಸಂಜೆ ಬಸ್ಸು ಇನ್ನೂ ಅದೆ. ನೀ ಬೇಕಾದ್ರೆ ಇರು."

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದಳು. ಆಮೇಲೆ ಬ್ಯಾಗು ಎತ್ತಿಕೊಂಡಳು. ಅತ್ತೆ ಓಡಿಬಂದು ನಾಳೆಗೆಂದು ಇಟ್ಟ ಎಣ್ಣೆಯನ್ನು ಅಂಗಳದಲ್ಲೇ ಮಗಳ ನೆತ್ತಿಗೆ ತಟ್ಟಿದರು. ನನ್ನ ತಲೆಯ ತನಕ ಬಂದ ಕೈ, ಮಾವನ ಮುಖ ನೋಡಿ ಸೆರಗು ಸರಿಮಾಡಿಕೊಂಡಿತು.

ಸಿರ್ಸಿಯವರೆಗೂ ಅವಳು ಬಸ್ಸಿನ ಕಿಟಕಿ ಹಾಕಿಯೇ ಕುಳಿತಳು, ಗಾಳಿಗೆ ಆ ಎಣ್ಣೆಯ ವಾಸನೆ ಹೋದೀತೆಂದು. ನಾನು ಬಾಯಿ ಬಿಡಲಿಲ್ಲ. ಸುಮ್ಮನಿರಬೇಕಾದ ಹೊತ್ತು ದಾಟಿದ ಮೇಲೆ ನನಗೆ ಸುಮ್ಮನಿರಲು ಚೆನ್ನಾಗಿ ಬರುತ್ತದೆ.

ಹಬ್ಬ ಮುಗಿದ ಮೇಲೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಬಂತು. ಒಳಗೆ ಅತ್ತೆ ಮಾಡಿದ ಹೋಳಿಗೆ, ಜೊತೆಗೆ ಮೂಲೆಗೆ ಕುಂಕುಮ ಹಚ್ಚಿದ ಪ್ಯಾಂಟ್ ಪೀಸು. ಹಬ್ಬಕ್ಕೆ ಮೊದಲೇ ನನಗೆಂದು ತಂದಿಟ್ಟದ್ದಿರಬೇಕು. ಆದರೂ ಬಣ್ಣ ಖಾಕಿ! ಗಾರ್ಡ್‌ಗೇ ಹೊಲಿಸಿಕೊಟ್ಟರೆ ಹೇಗೆ ಎಂದೆ. ಅವಳು ಬಟ್ಟೆಯನ್ನು ಮೂಗಿಗೆ ಹಿಡಿದುಕೊಂಡೇ ನಕ್ಕಳು. ಅವಳ ಮನೆಯ ಕಪಾಟಿನ ವಾಸನೆಯಂತೆ ಅದು. ಆಮೇಲೆ ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಈ ವರ್ಷ ಮತ್ತೆ ದೀಪಾವಳಿ ಹತ್ತಿರ ಬಂದಿದೆ, ಮಾವನ ಫೋನು ಬಂದಿಲ್ಲ. ಮೊನ್ನೆ ಅವಳೇ ಆ ಖಾಕಿ ಬಟ್ಟೆ ಹಿಡಿದು ನನ್ನನ್ನು ಟೈಲರ್ ಬಳಿ ಎಳೆದುಕೊಂಡು ಹೋದಳು.

"ಕರೀಲಿ, ಆಮೇಲೆ ಹೊಲಿಸಿದ್ರಾಯ್ತು" ಎಂದೆ.

"ಕರೆದ ಮೇಲೆ ಹೊಲಿಸೋಕೆ ಪುರುಸೊತ್ತೆಲ್ಲಿ ಇರ್ತದೆ?"

ಟೈಲರ್ ನನ್ನ ಸೊಂಟಕ್ಕೆ ಟೇಪು ಸುತ್ತಿದ. ನಾನು ಮರ್ಯಾದೆಗೆ ಹೊಟ್ಟೆ ಒಳಗೆಳೆದುಕೊಂಡೆ. ಅವಳು ಬೆನ್ನಿಗೊಂದು ಗುದ್ದಿ, ಟೈಲರ್‌ಗೆ ಹೇಳಿದಳು:

"ಅಣ್ಣಾ, ಒಳಗೆ ಸ್ವಲ್ಪ ಜಾಸ್ತಿನೇ ಬಟ್ಟೆ ಬಿಡಿ. ಇವನು ಇದನ್ನ ಯಾವ ವರ್ಷ ಹಾಕ್ಕೊಳ್ತಾನೋ ಗೊತ್ತಿಲ್ಲ."